ಇಲ್ಲದ ಹತ್ತು ಸೆಂಟಿಮೀಟರ್

ಏಪ್ರಿಲ್ 7, ಸೋಮವಾರ

ಈ ನೋಟ್‌ಬುಕ್ ಕೊಟ್ಟವಳು ತಂಗಿ ಆಶಾ. "ಬಾಯಿಗೆ ಬಂದಿದ್ದೆಲ್ಲಾ ಇದರಾಗೆ ಬರ್ಕಾ ಅಣ್ಣ, ಅಂಗಡಿಯಾಗೆ ಆಡಬ್ಯಾಡ" ಎಂದಳು. ಒಂದೂವರೆ ವರ್ಷದಲ್ಲಿ ಮೂರು ಕೆಲಸ ಬಿಟ್ಟಿದ್ದೇನೆ. ಟೈಲ್ಸ್ ಅಂಗಡಿಯಲ್ಲಿ ಎರಡನೇ ದರ್ಜೆಯ ಮಾಲನ್ನು ಗಿರಾಕಿಗೆ ಎರಡನೇ ದರ್ಜೆ ಎಂದೇ ಹೇಳಿದೆ. ಬೋರ್‌ವೆಲ್ ಗಾಡಿಯವನಿಗೆ, ನೀನು ಹೇಳುವ ಆಳ ಸುಳ್ಳು ಎಂದೆ. ಮೂರನೆಯದನ್ನು ಬರೆಯುವುದಿಲ್ಲ, ಅಲ್ಲಿ ತಪ್ಪು ನನ್ನದೂ ಇತ್ತು.

ಈಗ ಹೊನ್ನಾಳಿಯಲ್ಲಿ ಬುಡನ್‌ಸಾಬ್ ಚಾಚಾನ ವೆಲ್ಡಿಂಗ್ ಅಂಗಡಿ. ನಾಲ್ಕು ತಿಂಗಳಾಯಿತು. ನ್ಯಾಮತಿಯಿಂದ ಬೆಳಿಗ್ಗೆ ಆಶಾ, ನಾನು ಒಂದೇ ಬಸ್ಸಿಗೆ ಬರುತ್ತೇವೆ. ಅವಳು ಕಾಲೇಜಿಗೆ, ಬಿಎಸ್ಸಿ ಮೊದಲ ವರ್ಷ.

ಇವತ್ತು ಅವಳ ಫಿಸಿಕ್ಸ್ ಮೇಡಂ ಅಂಗಡಿಗೆ ಬಂದಿದ್ದರು. ಪುಷ್ಪಾವತಿ ಅಂತ. ವಾರದಲ್ಲಿ ಮೂರು ದಿನ ಚನ್ನಗಿರಿಯಲ್ಲಿ, ಮೂರು ದಿನ ಇಲ್ಲಿ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಎರಡು ಮೀಟರ್ ಎತ್ತರದ ಕಬ್ಬಿಣದ ಸ್ಟ್ಯಾಂಡ್ ಬೇಕಂತೆ. ತುದಿಯಲ್ಲಿ ನೂಲು ಕಚ್ಚಿಸುವ ಕ್ಲಿಪ್ಪು, ಪಕ್ಕದಲ್ಲಿ ಉದ್ದಕ್ಕೆ ಒಂದು ಪಟ್ಟಿ, ಪಟ್ಟಿಯ ಮೇಲೆ ಕ್ಲಿಪ್ಪಿನಿಂದ ಕೆಳಕ್ಕೆ ಅಳತೆಯ ಗೆರೆ.

"ಕಾಲೇಜಿಂದ ಕಾಗದ ತಂದಿಲ್ವಾ ಮೇಡಂ?" ಎಂದೆ.

"ಕಾಗದ ಯಾಕಪ್ಪ? ಇದು ನಂದೇ."

ಕಾಲೇಜಿನ ಮಕ್ಕಳಿಗೆ ತನ್ನದೇ ಸ್ಟ್ಯಾಂಡ್ ಮಾಡಿಸುವವರನ್ನು ನಾನು ನೋಡಿಲ್ಲ. ಏನೋ ಇದೆ.

ಏಪ್ರಿಲ್ 9, ಬುಧವಾರ

ಸ್ಟ್ಯಾಂಡ್ ಮುಗಿಸಿದೆ. ಗೆರೆ ಹಾಕುವ ಹೊತ್ತಿಗೆ ಸರಿಯಾಗಿ ಗೇಟಿನ ಗಿರಾಕಿ ಬಂದ. ಬಣ್ಣ ಎರಡು ಕೋಟ್ ಹೊಡೆದಿದ್ದೀರಾ ಎಂದು ಕೇಳಿದ. ಒಂದೇ ಹೊಡೆದಿದ್ದು ಎಂದೆ. ಚಾಚಾ ನನ್ನ ಕಡೆ ನೋಡಿದ ನೋಟಕ್ಕೆ ವೆಲ್ಡಿಂಗ್ ರಾಡೇ ಬೇಡ. ಅರ್ಧ ಗಂಟೆ ಜಗಳ. ಆಮೇಲೆ ಕೋಪದಲ್ಲಿ ಗೆರೆಗಳನ್ನೆಲ್ಲ ಒಂದೇ ಉಸಿರಿಗೆ ಉಳಿಯಿಂದ ಕಡಿದು, ಅಂಕಿಗಳನ್ನು ನಂಬರ್ ಪಂಚಿನಿಂದ ಹೊಡೆದು ಮುಗಿಸಿದೆ. ನಲವತ್ತರಿಂದ ನೂರ ಅರವತ್ತು ಸೆಂಟಿಮೀಟರ್‌ವರೆಗೆ. ಕೆಲಸ ಅಚ್ಚುಕಟ್ಟಾಗಿದೆ.

ಏಪ್ರಿಲ್ 13, ಭಾನುವಾರ

ಕಾಲೇಜಿನ ಲ್ಯಾಬಿನಲ್ಲಿ ಪರೀಕ್ಷೆಯ ಉತ್ತರಪತ್ರಿಕೆ ಇಟ್ಟು ಬೀಗ ಹಾಕಿದ್ದಾರಂತೆ. ಅದಕ್ಕೆ ನಮ್ಮ ಅಂಗಡಿಯ ಶೆಡ್ಡಿನಲ್ಲಿ, ಭಾನುವಾರ, ಹನ್ನೊಂದು ಮಕ್ಕಳಿಗೆ ಪ್ರಾಕ್ಟಿಕಲ್. ಚಾಚಾ ಹೂಂ ಅಂದುಬಿಟ್ಟಿದ್ದಾನೆ. "ಶೆಟರ್ ತೆಗಿ, ಅಲ್ಲೇ ಕೂತಿರು. ಒಂದ್ ಬೋಲ್ಟೂ ಆಚೆ ಹೋಗಬಾರದು" ಎಂದ. ನಾನು ಬೋಲ್ಟು ನೋಡಲಿಲ್ಲ, ಮೇಡಂನ ನೋಡುತ್ತಿದ್ದೆ.

ನೂಲಿಗೆ ಹಿತ್ತಾಳೆ ಗುಂಡು ಕಟ್ಟಿ ತೂಗಬಿಡುವುದು. ಇಪ್ಪತ್ತು ಸಲ ಹೋಗಿ ಬರಲು ಎಷ್ಟು ಸೆಕೆಂಡ್ ಎಂದು ನೋಡುವುದು. ಅದರಿಂದ ಭೂಮಿ ಎಷ್ಟು ಬಲವಾಗಿ ಎಳೆಯುತ್ತದೆ ಎಂದು ಲೆಕ್ಕ ಹಾಕುವುದು. ಉತ್ತರ ಒಂಬತ್ತು ಪಾಯಿಂಟ್ ಎಂಟು. ಪಿಯುಸಿ ಪುಸ್ತಕದಲ್ಲೇ ಇದೆ. ನನಗೂ ಗೊತ್ತು.

ಗೊತ್ತು ಯಾಕೆಂದರೆ ಅದರಿಂದಲೇ ನಾನು ಓದು ಬಿಟ್ಟದ್ದು. ಮೊದಲ ಪಿಯುಸಿಯಲ್ಲಿ, ಹಿಂದಿನ ವರ್ಷದವರ ರೆಕಾರ್ಡ್ ತಂದು ಹಾಗೇ ಇಳಿಸಿ ಎಂದರು ಲೆಕ್ಚರರು. ನಾನು ಪ್ರತಿ ಪುಟದಲ್ಲೂ "ಈ ಪ್ರಯೋಗ ಮಾಡಿಸಿಲ್ಲ" ಎಂದು ಬರೆದು ಕೊಟ್ಟೆ. ಅಪ್ಪನನ್ನು ಕರೆಸಿದರು. ಮಾರನೆಯ ದಿನದಿಂದ ನಾನು ಹೋಗಲಿಲ್ಲ.

ಅದಕ್ಕೇ ಕೇಳಿಬಿಟ್ಟೆ: "ಪಿಯುಸೀದನ್ನ ಡಿಗ್ರಿಯೋರಿಗೆ ಯಾಕ್ ಮಾಡಿಸ್ತೀರಿ ಮೇಡಂ?"

"ಪಿಯುಸೀಲಿ ಇವರು ಮಾಡಿಲ್ಲಪ್ಪ, ಬರೆದಿದಾರೆ" ಎಂದರು.

ಮಧ್ಯಾಹ್ನ ಎರಡಾದರೂ ಆ ಮೇಡಂಗೆ ಊಟದ ನೆನಪಿಲ್ಲ. ಸೀಮೆಸುಣ್ಣದಲ್ಲಿ ನಮ್ಮ ಶೆಟರ್ ತುಂಬ ಬರೆದಿದ್ದಾರೆ. ಒಂದು ಹುಡುಗಿ ಏನೋ ಪ್ರಶ್ನೆ ಕೇಳಿದಾಗ, "ಅಯ್ಯೋ, ಇದನ್ನ ನೀನು ಕೇಳಿದ್ಯಲ್ಲ!" ಎಂದು ಲಾಟರಿ ಹೊಡೆದವರ ಹಾಗೆ ಅವಳ ಕೈ ಹಿಡಿದುಕೊಂಡರು. ಇಷ್ಟೆಲ್ಲ ನಾಟಕ ಯಾತಕ್ಕೆ? ಹೋಗುವಾಗ ನೇರವಾಗಿ ಕೇಳಿದೆ.

"ಮೇಡಂ, ಇದರಿಂದ ನಿಮಗೆ ಏನ್ ಸಿಗತೈತೆ?"

ಚೀಲ ಹೆಗಲಿಗೆ ಹಾಕಿಕೊಂಡರು. "ತಿಳೀತು ಅನ್ನೋ ಗಳಿಗೇಲಿ ಹುಡುಗರ ಮುಖ ಒಂಥರಾ ಆಗ್ತದಪ್ಪ. ಅದನ್ನ ನೋಡಾಕೆ ಬರ್ತೀನಿ."

ನಂಬಲಿಲ್ಲ. ಮುಖ ನೋಡಲು ಯಾರೂ ಭಾನುವಾರ ಚನ್ನಗಿರಿಯಿಂದ ಬಸ್ಸು ಹತ್ತಿ ಬರುವುದಿಲ್ಲ.

ಬಸ್ಸಿನಲ್ಲಿ ಆಶಾಗೆ ಹೇಳಿದೆ. ಅವಳಿಗೆ ಸಿಟ್ಟು ಬಂತು. "ಮೇಡಂದು ವರ್ಷ ವರ್ಷ ಹೊಸದಾಗಿ ಆಗೋ ಕೆಲಸ. ಯಾರಾದ್ರೂ ಒಂದ್ ಅರ್ಜಿ ಬರೆದ್ರೂ ಹೋಗ್ತೈತೆ. ನಿನ್ ಬಾಯಿ ಅಲ್ಲಿಗೆ ತರಬ್ಯಾಡ."

ಏಪ್ರಿಲ್ 20, ಭಾನುವಾರ

ಉತ್ತರ ಬರಲಿಲ್ಲ. ನೂಲು ನೂರು ಸೆಂಟಿಮೀಟರ್, ಇಪ್ಪತ್ತು ತೂಗಿಗೆ ಮೂವತ್ತೆಂಟು ಸೆಕೆಂಡ್. ಲೆಕ್ಕ ಹಾಕಿದರೆ ಹತ್ತು ಪಾಯಿಂಟ್ ಒಂಬತ್ತು. ನಾಲ್ಕು ಸಲ ಮಾಡಿದರು, ನಾಲ್ಕು ಸಲವೂ ಅಷ್ಟೇ. ಮಕ್ಕಳ ಮುಖ ಬಾಡಿತು. ಮೇಡಂ ಮಾತ್ರ ನಗುತ್ತಿದ್ದರು! "ಮತ್ತೆ ತಗೊಳ್ರಿ. ನೂಲು ಬದಲಾಯಿಸಿ ತಗೊಳ್ರಿ."

ತನಗೆ ಬರದೇ ಇರುವುದನ್ನು ನಗುವಿನಲ್ಲಿ ಮುಚ್ಚುತ್ತಿದ್ದಾರೆ ಅನ್ನಿಸಿತು. ಮಕ್ಕಳು ಎಣಿಸುವುದರಲ್ಲಿ ತಪ್ಪುತ್ತಿರಬಹುದೆಂದು ನಾನೂ ಮೂಲೆಯಲ್ಲಿ ನಿಂತು ಎಣಿಸಿದೆ. ಮೂವತ್ತೆಂಟೇ.

ಏಪ್ರಿಲ್ 27, ಭಾನುವಾರ

ಅರವತ್ತರ ಗೆರೆಯಲ್ಲಿ ಹನ್ನೊಂದು ಪಾಯಿಂಟ್ ಎಂಟು. ನೂರ ನಲವತ್ತರಲ್ಲಿ ಹತ್ತು ಪಾಯಿಂಟ್ ಆರು. ಒಂದೊಂದು ಉದ್ದಕ್ಕೆ ಒಂದೊಂದು ಭೂಮಿಯೇ?

ನೂಲು ಉದ್ದವಾದಷ್ಟೂ ತಪ್ಪು ಕಡಿಮೆಯಾಗುತ್ತಿದೆ. ಇದನ್ನು ಯಾರೂ ಹೇಳಲಿಲ್ಲ, ನನಗೆ ಕಂಡಿತು. ಹೇಳೋಣವೆಂದುಕೊಂಡೆ, ನನಗ್ಯಾಕೆ ಎಂದು ಸುಮ್ಮನಾದೆ.

ಆಶಾ ಮತ್ತು ಇನ್ನಿಬ್ಬರು ಸೀನಿಯರ್ ರೆಕಾರ್ಡ್ ನೋಡಿ ಒಂಬತ್ತು ಪಾಯಿಂಟ್ ಎಂಟು ಎಂದು ಇಳಿಸಿಕೊಂಡು ಬಂದಿದ್ದರು. ಮೇಡಂ ನೋಡಿದ ಕೂಡಲೇ ಪುಟದ ಮೇಲೆ ಅಡ್ಡಗೆರೆ ಎಳೆದರು. "ಇದು ನಿಮ್ಮ ಗುಂಡು ಹೇಳಿದ್ದಲ್ಲ. ಇದಕ್ಕೆ ನಾನು ಸೈನ್ ಹಾಕಲ್ಲ."

"ನಮ್ ಗುಂಡು ಸುಳ್ಳು ಹೇಳ್ತೈತಲ್ಲ ಮೇಡಂ!" ಎಂದಳು ಆಶಾ.

"ಗುಂಡು ಸುಳ್ಳು ಹೇಳಾಕೆ ಕಲ್ತಿಲ್ಲಮ್ಮ. ಕೇಳೋದ್ರಲ್ಲಿ ನಮ್ದೇ ಏನೋ ತಪ್ಪೈತೆ. ಹುಡುಕ್ರಿ."

"ನಿಮಗೆ ಗೊತ್ತಾ ಮೇಡಂ?" ಎಂದು ನಾನು ನಡುವೆ ಕೇಳಿದೆ.

"ಗೊತ್ತಿದ್ರೂ ಹೇಳಲ್ಲ" ಎಂದರು.

ಗೊತ್ತಿದ್ದೂ ಹೇಳದಿದ್ದರೆ ಮೋಸ, ಗೊತ್ತಿಲ್ಲದೆ ಹೀಗೆ ಹೇಳಿದರೆ ಇನ್ನೂ ದೊಡ್ಡ ಮೋಸ. ಬಸ್ಸಿನಲ್ಲಿ ಆಶಾ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ರೆಕಾರ್ಡಿಗೆ ಸೈನ್ ಇಲ್ಲದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೇ ಕೂರಿಸುವುದಿಲ್ಲ.

ಮೇ 5, ಸೋಮವಾರ

ಅರ್ಜಿ ನಾನೇ ಬರೆದೆ. ಆಶಾಗೆ ಹೇಳಲಿಲ್ಲ. ಹನ್ನೊಂದು ಮಕ್ಕಳಲ್ಲಿ ಏಳು ಮನೆಯವರು ಸಹಿ ಹಾಕಿದರು, ಎಂಟನೆಯದು ನನ್ನದು. "ಇವರು ಮಾಡಿಸುವ ಪ್ರಯೋಗಕ್ಕೆ ಸರಿಯಾದ ಉತ್ತರ ಬರುವುದಿಲ್ಲ, ಏಕೆ ಎಂದು ಕೇಳಿದರೆ ಹೇಳುವುದಿಲ್ಲ, ಮಕ್ಕಳ ವರ್ಷ ಹಾಳಾಗುತ್ತದೆ" ಎಂದು. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಪ್ರಿನ್ಸಿಪಾಲ್ ಧರ್ಮಪ್ಪನವರು ಎರಡು ಸಲ ಓದಿದರು. "ಅಕ್ಷರ ಚೆನ್ನಾಗೈತಲ್ಲಪ್ಪ" ಎಂದರು. "ಇದು ಬಂದ ಮೇಲೆ ಆಯಮ್ಮನ್ನ ಮುಂದಿನ ವರ್ಷ ಇಟ್ಕೊಳ್ಳಾಕೆ ಆಗಲ್ಲ. ಗೊತ್ತಲ್ಲ?"

ಗೊತ್ತು ಎಂದೆ.

ಮೇ 7, ಬುಧವಾರ

ಸಂಜೆ ಮನೆಯಲ್ಲಿ ಆಶಾ ನೆಲದ ಮೇಲೆ ಗ್ರಾಫ್ ಹಾಳೆ ಹರಡಿಕೊಂಡು ಕೂತಿದ್ದಳು. ಅಡ್ಡಕ್ಕೆ ನೂಲಿನ ಉದ್ದ. ಮೇಲಕ್ಕೆ ಒಂದು ತೂಗಿನ ಹೊತ್ತನ್ನು ಅದರಿಂದಲೇ ಗುಣಿಸಿದ ಲೆಕ್ಕ. ಮೇಡಂ ಹಾಕಿಕೊಂಡು ಬರಲು ಹೇಳಿದ್ದರಂತೆ. ಏಳು ಚುಕ್ಕಿ ಇಟ್ಟು ಸ್ಕೇಲ್ ಹಿಡಿದು ಗೆರೆ ಎಳೆದಳು. ಏಳೂ ಒಂದೇ ಗೆರೆಯ ಮೇಲೆ, ದಾರ ಹಿಡಿದಂತೆ. ಅಷ್ಟು ನೇರವಾದ ಗೆರೆ ಸುಳ್ಳು ಹೇಳುವ ಗುಂಡಿನಿಂದ ಬರುವುದಿಲ್ಲ. ನನಗೇ ಹಾಗನ್ನಿಸಿತು.

"ಆದ್ರೆ ನೋಡಣ್ಣ. ನೂಲೇ ಇಲ್ಲ ಅಂದ್ರೆ ತೂಗೋ ಹೊತ್ತೂ ಇರಬಾರದು. ಗೆರೆ ಸೊನ್ನೆಗೆ ಬಂದು ಸೇರಬೇಕಿತ್ತು. ಇದು ಸೇರಲ್ಲ. ಹತ್ತರತ್ರ ಬಂದು ಸೇರತೈತೆ. ಹತ್ತು ಸೆಂಟಿಮೀಟರ್ ನೂಲು ಇದ್ದೂ ಇಲ್ಲದಂಗೆ. ಎಲ್ಲಿಂದ ಬಂತು ಈ ಹತ್ತು?"

ಎದ್ದು ಹೊರಗೆ ಬಂದೆ.

ನಮ್ಮ ಅಂಗಡಿಯ ಟೇಪಿನ ತುದಿ ಯಾವತ್ತೋ ಕಿಡಿ ಬಿದ್ದು ಸುಟ್ಟುಹೋಗಿದೆ. ಮೊದಲ ಮೂರು ಸೆಂಟಿಮೀಟರ್ ಇಲ್ಲವೇ ಇಲ್ಲ. ಅದಕ್ಕೆ ಎಲ್ಲರೂ ಹತ್ತರ ಗುರುತನ್ನು ಅಂಚಿಗಿಟ್ಟು ಹಿಡಿಯುತ್ತೇವೆ, ಬಂದ ಅಳತೆಯಲ್ಲಿ ಹತ್ತು ಕಳೆಯುತ್ತೇವೆ. ಹೊಸ ಟೇಪ್ ತಂದರೂ ಚಾಚಾ ಹಾಗೇ ಹಿಡಿಯುತ್ತಾನೆ, ಕೈಗೆ ಬಂದ ಅಭ್ಯಾಸ. ನಾನು ಹತ್ತರಿಂದ ಹಿಡಿದಿದ್ದೆ. ಗೇಟಿನ ಜಗಳದ ನಂತರ ಕಳೆದೆನೋ ಇಲ್ಲವೋ ನೆನಪಿಲ್ಲ.

ನೆನಪಿಲ್ಲ ಎಂದು ಬರೆದೆ. ನೆನಪಿದೆ. ಕಳೆಯಲಿಲ್ಲ.

ಮೇ 8, ಗುರುವಾರ

ಎದುರಿನ ಬಡಗಿಯ ಟೇಪ್ ಇಸಿದುಕೊಂಡು ಅಳೆದೆ. ನೂರರ ಗೆರೆ ಕ್ಲಿಪ್ಪಿನಿಂದ ತೊಂಬತ್ತಕ್ಕಿದೆ. ಎಲ್ಲ ಗೆರೆಗಳೂ ಹತ್ತು ಮೇಲೆ.

ಮೇ 9, ಶುಕ್ರವಾರ

ಚಾಚಾಗೆ ಹೇಳಿದೆ. ಬೀಡಿ ಕೈಯಲ್ಲೇ ಉರಿದುಹೋಯಿತು.

"ಅರೆ ಬೇಟಾ, ಕಾಲೇಜಿನ ಹದಿನೆಂಟು ಬೆಂಚು ನಮ್ದೇ ಕೆಲಸ. ಬುಡನ್‌ಸಾಬ್ ಅಂಗಡಿಯಾಗೆ ಅಳತೆ ತಪ್ಪು ಅಂತ ನೀನೇ ಹೋಗಿ ಹೇಳಿದ್ರೆ ನನ್ ಇಜ್ಜತ್ ಏನಾಗತೈತೆ? ಸುಮ್ನೆ ಪಟ್ಟಿ ಬಿಚ್ಚು, ಹೊಸಾದು ಹಾಕು. ಯಾರಿಗ್ ಗೊತ್ತಾಗತೈತೆ?"

"ಆಶಾ ಗೆರೆಗೆ ಗೊತ್ತಾಗೈತೆ ಚಾಚಾ."

"ಗೆರೆ ಬಂದು ಹೇಳ್ತೈತಾ ನಿನ್ ಹೆಸ್ರು?"

"ಅರ್ಜಿ ನಂದು ಚಾಚಾ. ತಪ್ಪೂ ನಂದು. ಮೇಡಂ ಕೆಲಸ ಹೋಗತೈತೆ."

ಚಾಚಾ ಬೀಡಿಯ ತುಂಡು ಎಸೆದ. ಆಮೇಲೆ, "ಹೋಗು. ನಿನ್ನ ತಡೆದ್ರೆ ನೀನು ಮೈಕ್ ಹಾಕ್ಕೊಂಡು ಹೇಳೋನು" ಎಂದ.

ಮಧ್ಯಾಹ್ನ ಪ್ರಿನ್ಸಿಪಾಲರ ರೂಮಿಗೆ ಹೋದೆ. ಅರ್ಜಿ ವಾಪಸ್ ಕೊಡಿ, ತಪ್ಪು ಮೇಡಂದಲ್ಲ, ನನ್ನದು ಎಂದೆ. ಅವರು ಕನ್ನಡಕ ತೆಗೆದರು.

"ಏನ್ ಓದೀಯಪ್ಪ?"

"ಪಿಯುಸಿ ಬಿಟ್ಟಿದೀನಿ ಸಾರ್."

"ಮತ್ತೆ ಯಾವುದು ಸರಿ ಯಾವುದು ತಪ್ಪು ಅಂತ ನಿನಗೆ ಹೆಂಗ್ ಗೊತ್ತು? ಆಯಮ್ಮ ಹೇಳ್ಕೊಟ್ಟು ಕಳಿಸಿದ್ಲಾ?"

ಅವರೂ ನನ್ನ ಹಾಗೇ. ಕೇಳಿಸಿಕೊಳ್ಳುವ ಮೊದಲೇ ಅನುಮಾನ. ಮೇಜಿನ ಮೇಲಿದ್ದ ಒಂದು ಹಾಳೆ ತಿರುಗಿಸಿ ಗೆರೆ ಎಳೆದು ತೋರಿಸಿದೆ. ಇದು ನೂಲು, ಇದು ಹೊತ್ತು, ನೂಲಿಲ್ಲದಿದ್ದರೆ ಹೊತ್ತಿರಬಾರದು, ಇಲ್ಲಿ ಹತ್ತು ಉಳಿಯುತ್ತದೆ, ಆ ಹತ್ತು ನಮ್ಮ ಟೇಪಿನದು. ಗೆರೆ ಎಷ್ಟು ಓರೆಯಾಗಿದೆ ಎಂಬುದರಿಂದ ಲೆಕ್ಕ ಹಾಕಿದರೆ ಈಗಲೂ ಒಂಬತ್ತು ಪಾಯಿಂಟ್ ಎಂಟೇ ಬರುತ್ತದೆ, ಯಾಕೆಂದರೆ ಪ್ರತಿ ಗೆರೆಯಲ್ಲೂ ಅದೇ ಹತ್ತು ತಪ್ಪಿದೆ, ಒಂದರಿಂದ ಇನ್ನೊಂದಕ್ಕೆ ಇರುವ ಅಂತರದಲ್ಲಿ ಇಲ್ಲ. ಈ ಕೊನೆಯದನ್ನು ರಾತ್ರಿ ಆಶಾ ಲೆಕ್ಕ ಹಾಕುವಾಗ ನೋಡಿದ್ದೆ. ಅವರಿಗೆ ತಿಳಿಯಲಿಲ್ಲ. ಇನ್ನೊಂದು ಸಲ, ಬೇರೆ ಥರ ಹೇಳಿದೆ. ಮೂರನೇ ಸಲಕ್ಕೆ ಅವರ ಹುಬ್ಬು ಸ್ವಲ್ಪ ಮೇಲೇರಿತು. "ಹಂಗಾ!" ಎಂದರು.

ಆಮೇಲೆ ಕನ್ನಡಕ ಹಾಕಿಕೊಂಡರು. "ತಡ ಆಯ್ತಪ್ಪ. ಮುಂದಿನ ವರ್ಷದ ಆ ಅವಧಿಗಳನ್ನ ಬೇರೆಯೋರಿಗೆ ಕೊಡಾಕೆ ಬುಧವಾರವೇ ಬರೆದು ಕಳಿಸಿ ಆಗೈತೆ. ಈ ವರ್ಷದ ರೆಕಾರ್ಡ್ ಸೈನ್ ಅವರೇ ಹಾಕ್ಲಿ, ಪರೀಕ್ಷೆ ಅವರೇ ಮುಗಿಸ್ಲಿ. ಅಷ್ಟೇ ನನ್ನ ಕೈಯಾಗೆ ಇರೋದು."

ಮೇ 11, ಭಾನುವಾರ

ಮಕ್ಕಳೆಲ್ಲರ ಎದುರಿಗೇ ಹೇಳಿದೆ. ಟೇಪು, ಹತ್ತು, ಅರ್ಜಿ, ಎಲ್ಲ. ಆಶಾ ನನ್ನ ಕಡೆ ನೋಡಲಿಲ್ಲ. ಒಬ್ಬ ಹುಡುಗ, "ಮೂರು ಭಾನುವಾರ ನಮ್ಮನ್ನ ಕೊಂದ್ಯಲ್ಲೋ ಮಾರಾಯ!" ಎಂದ.

ಮೇಡಂ ಬೈಯುತ್ತಾರೆಂದು ಕಾದೆ. ಅವರು ಆಶಾಳ ಗ್ರಾಫನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಗೆರೆ ನೋಡಿದ ತಕ್ಷಣ ನಿನಗೆ ಗೊತ್ತಾಯ್ತಾ?" ಎಂದು ನನ್ನನ್ನು ಕೇಳಿದರು.

"ಹೂಂ ಮೇಡಂ."

"ಆವಾಗ ಹೆಂಗಾಯ್ತು?"

ಕೆಲಸ ಕಳೆದುಕೊಂಡವರು ಕೇಳುವ ಪ್ರಶ್ನೆಯೇ ಇದು! ನನ್ನ ಮುಖವನ್ನೇ ನೋಡುತ್ತಿದ್ದರು. ಸಿಟ್ಟು ಬಂತು.

"ನಿಮಗೆ ಮೊದಲೇ ಗೊತ್ತಿತ್ತಾ ಮೇಡಂ? ನಿಜ ಹೇಳ್ರಿ."

"ಪಟ್ಟಿಯಲ್ಲಿ ಏನೋ ಐತೆ ಅಂತ ಎರಡನೇ ವಾರ ಗೊತ್ತಾಯ್ತು. ಎಷ್ಟು, ಯಾಕೆ ಅಂತ ಗೊತ್ತಿರಲಿಲ್ಲ. ಅಳೆದು ನೋಡಬಹುದಿತ್ತು. ಅಳೆದ್ರೆ ಇವರಿಗೆ ಹುಡುಕಾಕೆ ಏನೂ ಉಳೀತಿರಲಿಲ್ಲ."

"ಆವಾಗ್ಲೇ ಹೇಳಿದ್ರೆ ಅರ್ಜೀನೇ ಬರ್ತಿರಲಿಲ್ಲ."

"ಹೌದು" ಎಂದರು. ಗ್ರಾಫನ್ನು ಆಶಾಗೆ ವಾಪಸ್ ಕೊಟ್ಟು, "ಇವರ ಮನೆಯೋರಿಗೆ ಒಂದು ಮಾತು ಹೇಳಬೇಕಿತ್ತು. ಅದು ನನ್ನ ತಪ್ಪು" ಎಂದರು. ಸೀಮೆಸುಣ್ಣ ಹುಡುಕುವ ನೆಪದಲ್ಲಿ ಚೀಲದೊಳಗೆ ಕೈ ಹಾಕಿ ತುಂಬ ಹೊತ್ತು ಹುಡುಕಿದರು. ಸೀಮೆಸುಣ್ಣ ಶೆಟರ್ ಹತ್ತಿರವೇ ಬಿದ್ದಿತ್ತು. ನಾನು ಎತ್ತಿ ಕೊಟ್ಟೆ.

ಜೂನ್ 12, ಗುರುವಾರ

ಪ್ರಾಕ್ಟಿಕಲ್ ಪರೀಕ್ಷೆ ಆಯಿತು. ಹೊರಗಿನಿಂದ ಬಂದ ಪರೀಕ್ಷಕರು ರೆಕಾರ್ಡಿನಲ್ಲಿ ಹನ್ನೊಂದು ಪಾಯಿಂಟ್ ಎಂಟು ನೋಡಿ ಇದೇನಮ್ಮ ಎಂದರಂತೆ. ಆಶಾ ಇಪ್ಪತ್ತು ನಿಮಿಷ ಹೇಳಿದಳಂತೆ. ಮನೆಗೆ ಬಂದು ನನ್ನೊಂದಿಗೆ ಮಾತಾಡಿದಳು. ಒಂದು ತಿಂಗಳ ಮೇಲೆ.

ಜೂನ್ 21, ಶನಿವಾರ

ಏನೂ ಇಲ್ಲ. ಗ್ರಿಲ್ ಕೆಲಸ. ಅಂಗಡಿಗೆ ಹೊಸ ಟೇಪ್ ತಂದೆ. ಚಾಚಾ ಹತ್ತರಿಂದಲೇ ಹಿಡಿದ.

ಆಗಸ್ಟ್ 18, ಸೋಮವಾರ

ಮೇಡಂ ಫೋನ್ ಮಾಡಿದ್ದರು. ಈ ವರ್ಷ ಮೂರು ದಿನ ಚನ್ನಗಿರಿ, ಮೂರು ದಿನ ಜಗಳೂರು. ಹೊನ್ನಾಳಿಗಿಂತ ಎರಡು ಗಂಟೆ ಹೆಚ್ಚು ಬಸ್ಸು. ಬೈಯಲಿಲ್ಲ. ಅದಕ್ಕೇ ನನಗೆ ಇನ್ನೂ ಅನುಮಾನ.

"ಜಗಳೂರಿನ ಮಕ್ಕಳಿಗೂ ಒಂದು ಸ್ಟ್ಯಾಂಡ್ ಬೇಕಪ್ಪ."

"ಸರಿಯಾಗಿ ಅಳೆದು ಮಾಡ್ತೀನಿ ಮೇಡಂ. ಆಣೆ."

"ಸರಿಯಾಗಿದ್ದು ಬ್ಯಾಡ. ಒಂದು ತಪ್ಪು ಇಟ್ಟು ಮಾಡು. ಎಲ್ಲಿ, ಎಷ್ಟು ಅಂತ ನನಗೂ ಹೇಳಬ್ಯಾಡ. ಮಕ್ಕಳ ಮನೆಯೋರಿಗೆ ಈ ಸಲ ಮೊದಲೇ ತಿಳಿಸೀನಿ."

ಬೇಕೆಂದೇ ತಪ್ಪು ಮಾಡುವುದು ನನ್ನಿಂದ ಆಗುವುದಿಲ್ಲ ಎಂದೆ. "ಯೋಚನೆ ಮಾಡು" ಎಂದು ಫೋನ್ ಇಟ್ಟರು.

ಆಗಸ್ಟ್ 21, ಗುರುವಾರ

ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಒಂದು ಸೆಂಟಿಮೀಟರ್ ಆದರೆ ಎಣಿಕೆಯ ತಪ್ಪಿನಲ್ಲಿ ಕಳೆದುಹೋಗುತ್ತದೆ, ಹುಡುಕಲು ಆಗುವುದಿಲ್ಲ. ಇಪ್ಪತ್ತಾದರೆ ಕಣ್ಣಿಗೇ ಕಾಣುತ್ತದೆ. ಹತ್ತು ಬೇಡ, ಆಶಾ ಯಾರಿಗಾದರೂ ಹೇಳಿರಬಹುದು.

ಚಾಚಾ ನಕ್ಕು ನಕ್ಕು ಕೆಮ್ಮಿದ. "ಮೂವತ್ತು ವರ್ಷ ತಪ್ಪು ಆಗಬಾರದು ಅಂತ ಒದ್ದಾಡಿದೀನಿ. ನೀನು ತಪ್ಪನ್ನೇ ಅಳತೆ ಮಾಡಿ ಇಡ್ತಿದೀಯಲ್ಲೋ!"

ಏಳು ಇಟ್ಟೆ. ಮೂರು ಸಲ ಅಳೆದೆ. ತಪ್ಪು ಸರಿಯಾಗಿದೆ.

ಆಗಸ್ಟ್ 24, ಭಾನುವಾರ

ಸ್ಟ್ಯಾಂಡನ್ನು ಬಸ್ಸಿನ ಮೇಲೆ ಹಾಕಿಕೊಂಡು ಜಗಳೂರಿಗೆ ಹೋಗಿ ಕೊಟ್ಟು ಬಂದೆ. ಹದಿನಾಲ್ಕು ಮಕ್ಕಳು. ಸೊಕ್ಕೆ ಎಂಬ ಊರಿಂದ ಬರುವ ಒಬ್ಬಳು, ಕೊಟ್ರಮ್ಮ ಅಂತ, ಸ್ಟ್ಯಾಂಡಿನ ಸುತ್ತ ಎರಡು ಸುತ್ತು ಬಂದು, "ಇದು ನೆಟ್ಟಗೈತಾ?" ಎಂದು ನನ್ನನ್ನು ಕೇಳಿದಳು. ಬಾಯಿಗೆ ಬಂದುಬಿಟ್ಟಿತ್ತು. ಹಲ್ಲು ಕಚ್ಚಿ, "ನೀವೇ ನೋಡ್ರಿ" ಎಂದೆ. ಅವಳು ನನ್ನನ್ನು ನೋಡಿದ ರೀತಿ ಹಿಡಿಸಿತು. ನಂಬಿಕೆಯೇ ಇರಲಿಲ್ಲ ಆ ಕಣ್ಣಲ್ಲಿ.

ಸೆಪ್ಟೆಂಬರ್ 10, ಬುಧವಾರ

ಬೆಳಿಗ್ಗೆ ಹನ್ನೊಂದಕ್ಕೆ ಮೇಡಂ ಫೋನ್. ಹಿಂದೆ ಮಕ್ಕಳ ಗದ್ದಲ.

"ಕೊಟ್ರಮ್ಮ ಗ್ರಾಫ್ ಹಾಕಿದಾಳೆ. ಏಳು ಅಂತಾಳೆ. ಸರೀನಾ ಮಾಲತೇಶ?"

"ಎಷ್ಟು ರೀಡಿಂಗ್ ತಗೊಂಡಾರೆ ಮೇಡಂ?"

"ನಾಲ್ಕು."

"ನಾಲ್ಕಕ್ಕೆ ಹೆಂಗ್ ಹೇಳ್ತಾರೆ? ಇನ್ನೂ ನಾಲ್ಕು ತಗೊಳ್ಳಾಕೆ ಹೇಳ್ರಿ. ಉದ್ದದ ನೂಲಿನವು ಬೇಕು."

ಮೇಡಂ ಫೋನನ್ನು ಬಾಯಿಂದ ದೂರ ಹಿಡಿದು, "ಇನ್ನೂ ನಾಲ್ಕು ಬೇಕಂತ್ರಮ್ಮಾ!" ಎಂದು ಕೂಗಿದ್ದು ಕೇಳಿಸಿತು. ಹೋ ಎಂದು ಗಲಾಟೆ. ಯಾರೋ ನನ್ನನ್ನು ಬೈದರು, ಕೊಟ್ರಮ್ಮನೇ ಇರಬೇಕು.

ನಾನಿಟ್ಟದ್ದು ಏಳೇ. ಸುಳ್ಳು ಹೇಳಲಿಲ್ಲ.

ಈಗ ಸಂಜೆ ಆರೂವರೆ. ಫೋನ್ ಇನ್ನೂ ಬಂದಿಲ್ಲ. ಕೊನೆಯ ನಾಲ್ಕರಲ್ಲಿ ಎಣಿಕೆ ತಪ್ಪಿ, ಸರಿಯಾಗಿದ್ದ ಏಳನ್ನು ಬಿಟ್ಟು ಎಂಟು ಅಂದುಬಿಡುತ್ತಾರೋ ಏನೋ. ಗುಂಡು ಕೈ ಬಿಟ್ಟ ತಕ್ಷಣ ಒಂದು ಎನ್ನಬಾರದು, ಸೊನ್ನೆ ಎನ್ನಬೇಕು. ಅದನ್ನು ಮೇಡಂ ಹೇಳಿರುತ್ತಾರೆಯೇ? ಆಶಾ ಊಟಕ್ಕೆ ಕರೆದಳು. ಆಮೇಲೆ ಬರುತ್ತೇನೆ ಎಂದೆ.